ಕೊಳೆ ಕಡೆಯ ಇಂಗ್ಲಿಷ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿ ಹದಿನಾರು ವರ್ಷದಿಂದ ಕೊಳೆ ಬಟ್ಟೆ ವಿಂಗಡಿಸುತ್ತಿದ್ದ ಹೆಂಗಸನ್ನು ಎಲ್ಲರೂ ಮೂಗಿನಕ್ಕ ಎಂದು ಕರೆಯುತ್ತಿದ್ದರು. ಮೂಗು ಉದ್ದವಿತ್ತೆಂದಲ್ಲ. ಗಂಟು ಬಿಚ್ಚುವ ಮೊದಲೇ ಇದು ಹೆರಿಗೆ ವಾರ್ಡಿನದು, ಇದು ಮೂಳೆ ವಾರ್ಡಿನದು, ಇದರೊಳಗೆ ಯಾರೋ ಅರ್ಧ ತಿಂದ ಬಾಳೆಹಣ್ಣು ಸುತ್ತಿಟ್ಟಿದ್ದಾರೆ ಎಂದು ಅವಳು ಹೇಳಿಬಿಡುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ. ರಕ್ತ, ಕೀವು, ವಾಂತಿ, ಇನ್ನೂ ಹೇಳಬಾರದ್ದೆಲ್ಲ ಆ ತಗಡಿನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಹೊಸದಾಗಿ ಸೇರಿದವರು ಮೊದಲ ವಾರ ಊಟವನ್ನೇ ಬಿಡುತ್ತಿದ್ದರು. ಮೂಗಿನಕ್ಕನಿಗೆ ಅದನ್ನು ಕಂಡು ಹೇಸಿಗೆಪಡುವುದು ಎಂದೋ ನಿಂತುಹೋಗಿತ್ತು. ರೋಗಿ ಪಾಪ, ಬೇಕೆಂದು ಹೊಲಸು ಮಾಡುತ್ತಾನೆಯೇ? ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಓಡಾಡುವವರನ್ನು ಕಂಡಾಗ.

ಅಂಥವರಲ್ಲಿ ಮೊದಲನೆಯವನು ಸೂಪರ್‌ವೈಸರ್. ಅವನಿಗೆ ಹೆಂಗಸರೆಲ್ಲ ಇಟ್ಟಿದ್ದ ಹೆಸರು ಸೆಂಟ್ ಸಾರ್. ದಿನಕ್ಕೆ ಎರಡು ಸಲ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬರುತ್ತಿದ್ದ, ಬಾಗಿಲಲ್ಲೇ ನಿಂತು ಕೂಗಾಡಿ ಹೋಗುತ್ತಿದ್ದ. ಅವನು ಹೋದಮೇಲೂ ಅರ್ಧ ಗಂಟೆ ಅವನ ಸೆಂಟಿನ ನಾತ ಅಲ್ಲೇ ಠಿಕಾಣಿ ಹೂಡಿರುತ್ತಿತ್ತು. "ವಾಂತೀನಾದ್ರೂ ತಡ್ಕೋಬೋದು, ಇದನ್ನ ತಡ್ಯಕ್ಕಾಗಲ್ಲ" ಎಂದು ಮೂಗಿನಕ್ಕ ಮುಖ ಸಿಂಡರಿಸುತ್ತಿದ್ದಳು.

ಆ ವಿಭಾಗದ ನಡುವೆ ಒಂದು ಗೋಡೆ. ಗೋಡೆಯಲ್ಲಿ ಸಾಲಾಗಿ ಕೂರಿಸಿದ ದೊಡ್ಡ ದೊಡ್ಡ ಯಂತ್ರಗಳು. ಪ್ರತಿ ಯಂತ್ರಕ್ಕೂ ಎರಡು ಬಾಗಿಲು. ಈಚೆ ಬಾಗಿಲಿಂದ ಕೊಳೆ ಬಟ್ಟೆ ತುಂಬುತ್ತಾರೆ, ಒಗೆದದ್ದು ಆಚೆ ಬಾಗಿಲಿಂದ ಹೊರಬೀಳುತ್ತದೆ. ಈಚೆಯವರು ಆಚೆ ಹೋಗುವ ಹಾಗಿಲ್ಲ; ಹೋದರೆ ಆಚೆಯದೆಲ್ಲ ಕೆಟ್ಟಿತು ಎಂದು ಲೆಕ್ಕ. ಊಟದ ಮೇಜು ಬೇರೆ, ಕೈ ತೊಳೆಯುವ ನಲ್ಲಿ ಬೇರೆ, ಹೊರಹೋಗುವ ಮೆಟ್ಟಿಲೂ ಬೇರೆ. ಹದಿನಾರು ವರ್ಷದಲ್ಲಿ ಲಕ್ಷಗಟ್ಟಲೆ ಹೊದಿಕೆ ತುಂಬಿದ್ದ ಮೂಗಿನಕ್ಕ ಒಂದೇ ಒಂದು ಒಗೆದ ಹೊದಿಕೆಯನ್ನು ಅಲ್ಲಿ ಕೈಯಲ್ಲಿ ಹಿಡಿದವಳಲ್ಲ.

ಇಷ್ಟು ವರ್ಷ ಅವಳಿಗೆ ಆಚೆ ಹೋಗುವ ಆಸೆ ಇರಲಿಲ್ಲ. ಆ ಆಸೆ ಹುಟ್ಟಿದ್ದು ಮಗಳು ಹೆತ್ತಮೇಲೆ. ಮೊಮ್ಮಗಳಿಗೆ ಐದು ತಿಂಗಳು. ಅಜ್ಜಿ ಕೆಲಸದಿಂದ ಬಂದು, ಮೈ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಕೈ ಚಾಚಿದರೂ ಮಗಳು ಮಗುವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

"ಬೇಡಮ್ಮ, ಈಗ ತಾನೇ ಮಲಗಿದ್ದಾಳೆ."

ಮಗು ಕಣ್ಣು ಪಿಳಿಪಿಳಿ ಬಿಡುತ್ತಿರುತ್ತಿತ್ತು. ಒಂದು ದಿನ ಮೂಗಿನಕ್ಕ ನೇರವಾಗಿ ಕೇಳಿಯೇಬಿಟ್ಟಳು. ಮಗಳು ತಲೆ ತಗ್ಗಿಸಿ ಹೇಳಿದಳು: "ಏನ್ ಮಾಡ್ಲಮ್ಮ, ನೀನು ಆ ಮೇಜಿನ ಹತ್ರ ನಿಂತಿರೋದೇ ಕಣ್ಮುಂದೆ ಬರುತ್ತೆ. ಆಚೆ ಕಡೆ ಹಾಕಿಸ್ಕೊ. ಆಮೇಲೆ ದಿನವಿಡೀ ನೀನೇ ಎತ್ಕೊ." ಅದೇ ಮೇಜಿನ ಅನ್ನ ತಿಂದು ಬೆಳೆದವಳು ಈ ಮಾತು ಹೇಳಿದಳಲ್ಲ ಎಂದು ಮೂಗಿನಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಮಗುವನ್ನು ಎತ್ತಿಕೊಳ್ಳುವ ಆಸೆ ಬಿಡಲಿಲ್ಲ. ಮರುದಿನವೇ ಆಚೆ ಕಡೆಗೆ ಅರ್ಜಿ ಕೊಟ್ಟಳು.

ಆಚೆ ಕೆಲಸಕ್ಕೆ ಇಂಗ್ಲಿಷ್ ಬೇಕಿತ್ತು. ಯಂತ್ರದ ಪರದೆಯ ಮೇಲೆ ಬರುವುದು ಇಂಗ್ಲಿಷು, ಕಟ್ಟುಗಳಿಗೆ ಅಂಟಿಸುವ ಚೀಟಿ ಇಂಗ್ಲಿಷು, ಆಪರೇಷನ್ ಕೋಣೆಯಿಂದ ಬರುವ ಫೋನೂ ಇಂಗ್ಲಿಷು. ಅದಕ್ಕೆಂದು ಕಚೇರಿಯವರು ಕ್ಯಾಂಟೀನಿನ ಮೂಲೆಯಲ್ಲಿ ಪಾಠ ಇಟ್ಟಿದ್ದರು. ಪಾಠ ಹೇಳುತ್ತಿದ್ದವರು ದಾಖಲೆ ವಿಭಾಗದಿಂದ ನಿವೃತ್ತರಾದ ಟೈಪಿಸ್ಟ್ ಮೇಷ್ಟ್ರು. ಒಳ್ಳೆಯವರೇ, ಆದರೆ ಪುಸ್ತಕ ಬಿಟ್ಟು ಅತ್ತಿತ್ತ ಅಲುಗಾಡುವವರಲ್ಲ. ಆ ಪುಸ್ತಕವೋ, ಮೊದಲಿಂದ ಕೊನೆವರೆಗೆ ಬರೀ 'ಇಫ್'. ಹಾಗಾದರೆ ಹೀಗೆ, ಹೀಗಾದರೆ ಹಾಗೆ.

"ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ" ಎಂದು ಮೇಷ್ಟ್ರು ರಾಗವಾಗಿ ಓದುತ್ತಿದ್ದರು. "ಹೇಳಿ, ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ."

"ಹಕ್ಕಿಯಾಗಿದ್ರೆ ನಾನ್ಯಾಕ್ ಮೇಷ್ಟ್ರೇ ಇಲ್ಲಿ ಕೂತು ಇಂಗ್ಲಿಷ್ ಕಲೀತಿದ್ದೆ?" ಎಂದಳು ಮೂಗಿನಕ್ಕ.

"ಪರೀಕ್ಷೇಲಿ ಕೇಳ್ತಾರಮ್ಮ, ಹೇಳು."

ಅವಳು ಹೇಳಿದಳು. ಹೇಳುವಾಗ ಬಾಯಿ ಕಹಿಯಾಗುತ್ತಿತ್ತು. ಮಳೆ ಬಂದರೆ ಕೊಡೆ ತೆಗೆದುಕೊಳ್ಳುತ್ತೇನೆ, ಲಾಟರಿ ಹೊಡೆದರೆ ಮನೆ ಕಟ್ಟಿಸುತ್ತೇನೆ, ರಾಜ ನನ್ನನ್ನು ಕರೆದರೆ ಅರಮನೆಗೆ ಹೋಗುತ್ತೇನೆ. ದೊಡ್ಡ ದೊಡ್ಡ ಹೆಂಗಸರು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಇಂಥ ಸುಳ್ಳುಗಳನ್ನು ಗಿಣಿಪಾಠ ಒಪ್ಪಿಸುತ್ತಿದ್ದರು. ಅವಳಿಗೆ ಹೇಸಿಗೆಯಾಗುತ್ತಿತ್ತು. ಆದರೆ ಬುದ್ಧಿ ಚುರುಕು. ಪುಸ್ತಕದ ವಾಕ್ಯ ಬಿಟ್ಟು ಮೇಜಿನ ಹತ್ತಿರವೇ ತನ್ನವನ್ನು ಕಟ್ಟತೊಡಗಿದಳು. ಒಂದೊಂದು ಗಂಟು ಬಿಚ್ಚುವಾಗಲೂ ಒಂದೊಂದು. ರಕ್ತವಾಗಿದ್ದರೆ ತಣ್ಣೀರು: ಇಫ್ ಇಟ್ ಈಸ್ ಬ್ಲಡ್, ಐ ವಿಲ್ ಯೂಸ್ ಕೋಲ್ಡ್ ವಾಟರ್. ಕೈಗವಸು ಹರಿದಿದ್ದರೆ ಬದಲಿಸುತ್ತೇನೆ. ಯಂತ್ರ ತುಂಬದಿದ್ದರೆ ಶುರು ಮಾಡುವುದಿಲ್ಲ, ಇದಕ್ಕೆ ಮೇಷ್ಟ್ರು 'ಅನ್‌ಲೆಸ್' ಎಂಬ ಇನ್ನೊಂದು ಮಾತು ಕೊಟ್ಟಿದ್ದರು. ಮೇಜಿನ ಎದುರಿಗೆ ನಿಂತು ಕೆಲಸ ಮಾಡುವ ಗಿಡ್ಡಿ ಅವಳ ಪಾಠ ಕೇಳಿಸಿಕೊಳ್ಳುತ್ತಿದ್ದಳು.

ಗಿಡ್ಡಿ ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಮೇಜಿಗೆ ಎಟುಕಲು ಹಲಗೆಯ ಮೇಲೆ ನಿಲ್ಲುವವಳು. ಒಂದೇ ಡಬ್ಬಿಯಲ್ಲಿ ಇಬ್ಬರ ಊಟ. ಮೂಗಿನಕ್ಕನ ಕೈಯಿಂದ ತುತ್ತು ಕಸಿದುಕೊಂಡು ತಿನ್ನುವಷ್ಟು ಸಲಿಗೆ.

ಪರೀಕ್ಷೆಗೆ ಮೂರು ವಾರವಿದ್ದಾಗ ಗಿಡ್ಡಿಗೆ ಸೂಜಿ ಚುಚ್ಚಿತು. ವಾರ್ಡಿನಲ್ಲಿ ಯಾರೋ ಸೋಮಾರಿ ಇಂಜೆಕ್ಷನ್ ಕೊಟ್ಟು ಸೂಜಿಯನ್ನು ಹೊದಿಕೆಯಲ್ಲೇ ಬಿಟ್ಟಿದ್ದರು. ಇದು ಹೊಸದಲ್ಲ. ವಾರಕ್ಕೆ ಎರಡು ಮೂರು ಸಿಗುತ್ತಿದ್ದವು. ಸಿಕ್ಕಿದ್ದನ್ನು ಹೆಂಗಸರು ಸದ್ದಿಲ್ಲದೆ ಸೋಪಿನ ಪುಡಿಯ ಖಾಲಿ ಡಬ್ಬಕ್ಕೆ ಹಾಕುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಬರೆಸಿದರೆ ವಾರ್ಡಿನವರಿಗೂ ಸೆಂಟ್ ಸಾರ್‌ಗೂ ಜಗಳ. ಬಾಗಿಲ ಮೇಲೆ ಅವನೇ ತೂಗುಹಾಕಿದ ಹಲಗೆಯಲ್ಲಿ 'ಈ ವರ್ಷದ ಸೂಜಿ ಪ್ರಕರಣ: ಸೊನ್ನೆ' ಎಂದಿತ್ತು. ಆ ಸೊನ್ನೆಗೆ ಅವನಿಗೆ ಪ್ರಶಸ್ತಿಪತ್ರವೂ ಬಂದಿತ್ತು.

ರಕ್ತ ಸುರಿಯುವ ಬೆರಳು ಹಿಡಿದುಕೊಂಡು ಇಬ್ಬರೂ ಅವನ ಕೋಣೆಗೆ ಓಡಿದರು. ಅವನು ಕುರ್ಚಿ ಹಿಂದಕ್ಕೆ ಜರುಗಿಸಿದ.

"ಸೋಪ್ ಹಾಕಿ ತೊಳ್ಕೊ, ಹೋಗು. ಒಂದು ಸೂಜಿಗೆ ಯಾರಾದ್ರೂ ಸಾಯ್ತಾರಾ?"

"ರಕ್ತ ಪರೀಕ್ಷೆ ಮಾಡಿಸ್ಬೇಕಲ್ಲ ಸಾರ್" ಎಂದಳು ಮೂಗಿನಕ್ಕ.

"ಬರ್ದ್ರೆ ತಾನೇ ಪರೀಕ್ಷೆ? ಬರ್ದ್ರೆ ಮೊದಲು ಕೇಳೋದೇ ಗ್ಲೌಸ್ ಯಾಕೆ ಹಾಕಿರ್ಲಿಲ್ಲ ಅಂತ. ನೀವೇ ಸಿಕ್ಕಿಹಾಕ್ಕೊಳ್ಳೋದು. ಮತ್ತೆ ನಿಂದು ಆಚೆ ಕಡೆ ಅರ್ಜಿ ನನ್ನ ಟೇಬಲ್ ಮೇಲಿದೆ, ನೆನಪಿರ್ಲಿ."

ಗಿಡ್ಡಿ ಕೈಗವಸು ಹಾಕಿದ್ದಳು. ಕೊಟ್ಟದ್ದೇ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನದು. ಮೂಗಿನಕ್ಕನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅರ್ಜಿ ನೆನಪಾಯಿತು, ಗಿಡ್ಡಿಯನ್ನು ಕರೆದುಕೊಂಡು ನಲ್ಲಿಯತ್ತ ನಡೆದಳು. ಅಂದಿನಿಂದ ಗಿಡ್ಡಿ ದಿನಕ್ಕೆ ಹತ್ತು ಸಲ ಬೆರಳು ನೋಡಿಕೊಳ್ಳುವಳು, ಹಣೆ ಮುಟ್ಟಿನೋಡಿಕೊಳ್ಳುವಳು. "ಅಕ್ಕ, ನಂಗೇನೂ ಆಗಲ್ಲ ಅಲ್ವಾ?" ಎನ್ನುವಳು. ಮೂಗಿನಕ್ಕ ಇಲ್ಲ ಎನ್ನುವಳು. ಅವಳಿಗೇನು ಗೊತ್ತಿತ್ತು, ಮಣ್ಣು.

ಪರೀಕ್ಷೆಗೆ ಕರೆದದ್ದು ಕಚೇರಿಯ ಮೇಲಿನ ಮಹಡಿಗೆ. ಮೇಜಿನ ಹಿಂದೆ ಆಡಳಿತ ವಿಭಾಗದ ಮೇಡಂ, ಪಕ್ಕದಲ್ಲಿ ಸೆಂಟ್ ಸಾರ್. ಮೇಡಂ ಮುಂದೆ ಒಂದು ಹಾಳೆ, ಹಾಳೆಯಲ್ಲಿ ಐದು ಪ್ರಶ್ನೆ, ಪ್ರತಿ ಪ್ರಶ್ನೆಯ ಪಕ್ಕ ಒಂದು ಚೌಕ. ಮಳೆಯದು ಕೇಳಿದರು, ಹೇಳಿದಳು. ಬೆಂಕಿಯದು ಕೇಳಿದರು, ಹೇಳಿದಳು. ಮೂರನೆಯದಕ್ಕೆ ಮೇಡಂ ಕತ್ತೆತ್ತದೆ ಓದಿದರು: "ಇಫ್ ಯು ಫೈಂಡ್ ಎ ನೀಡಲ್ ಇನ್ ದ ಲಿನೆನ್?"

ಹೊದಿಕೆಯಲ್ಲಿ ಸೂಜಿ ಸಿಕ್ಕಿದರೆ? ಪುಸ್ತಕದ ಉತ್ತರ ಅವಳಿಗೆ ಬಾಯಿಪಾಠ: ಕೂಡಲೇ ನನ್ನ ಸೂಪರ್‌ವೈಸರಿಗೆ ತಿಳಿಸುತ್ತೇನೆ. ಸೆಂಟ್ ಸಾರ್ ಆ ಉತ್ತರಕ್ಕೆ ಆಗಲೇ ತಲೆಯಾಡಿಸಲು ತಯಾರಾಗಿ, ಸಂಭಾವಿತನ ಹಾಗೆ ನಗುತ್ತಿದ್ದ. ಮೂಗಿನಕ್ಕ ಆ ನಗುವನ್ನೇ ದಿಟ್ಟಿಸಿ ನೋಡಿದಳು. ಹದಿನಾರು ವರ್ಷದ ಹೊಲಸಿನಲ್ಲಿ ಇಂಥ ಹೊಲಸನ್ನು ಅವಳು ಕಂಡಿರಲಿಲ್ಲ. ಅರ್ಜಿ ಹಾಳಾಗಿ ಹೋಗಲಿ ಎನ್ನಿಸಿತು.

"ಇಫ್ ಐ ಫೈಂಡ್ ಎ ನೀಡಲ್, ಐ ವಿಲ್ ಹೈಡ್ ಇಟ್ ಇನ್ ದ ಸೋಪ್ ಟಿನ್" ಎಂದಳು, ನಿಧಾನವಾಗಿ, ಒಂದೊಂದೇ ಮಾತು ಎತ್ತಿಟ್ಟು. "ಇಫ್ ಐ ಟೆಲ್ ದಿಸ್ ಸಾರ್, ಹಿ ವಿಲ್ ಶೌಟ್. ಇಫ್ ಹಿ ಡಸ್ ನಾಟ್ ರೈಟ್, ಮೈ ಫ್ರೆಂಡ್ ವಿಲ್ ನಾಟ್ ಗೆಟ್ ಬ್ಲಡ್ ಟೆಸ್ಟ್. ಅನ್‌ಲೆಸ್ ಶಿ ಗೆಟ್ಸ್ ಬ್ಲಡ್ ಟೆಸ್ಟ್, ಶಿ ವಿಲ್ ಬಿ ಅಫ್ರೇಡ್ ಎವ್ರಿ ಡೇ."

ಸಿಕ್ಕಿದ ಸೂಜಿ, ಅಡಗಿಸಿಟ್ಟ ಡಬ್ಬ, ಕೂಗಾಡುವ ಸಾರ್, ರಕ್ತ ಪರೀಕ್ಷೆಯಿಲ್ಲದ ಗೆಳತಿ, ಅವಳ ಹೆದರಿಕೆ, ಎಲ್ಲವೂ ಆ ನಾಲ್ಕು ವಾಕ್ಯದಲ್ಲಿತ್ತು. ಸೆಂಟ್ ಸಾರ್ ಮುಖ ಸುಣ್ಣ ಹಚ್ಚಿದಂತೆ ಬೆಳ್ಳಗಾಯಿತು. ಮೇಡಂ ಪೆನ್ನು ಆಡಿಸುತ್ತಲೇ ಇದ್ದರು. ಚೌಕದಲ್ಲಿ ಗುರುತು ಹಾಕಿದರು. ಉಳಿದ ಎರಡು ಪ್ರಶ್ನೆ ಕೇಳದೆಯೇ ಅವುಗಳ ಚೌಕಕ್ಕೂ ಹಾಕಿದರು. ಆಮೇಲೆ ಕತ್ತೆತ್ತಿ ಬಾಯಿ ತುಂಬ ನಕ್ಕರು.

"ಎಕ್ಸಲೆಂಟ್! ಎಲ್ಲರೂ ಪುಸ್ತಕದ್ದೇ ಒಪ್ಪಿಸ್ತಾರೆ. ನೀವು ಸ್ವಂತ ವಾಕ್ಯ ಮಾಡಿದ್ರಿ. ಅನ್‌ಲೆಸ್ ಕೂಡ ಸರಿಯಾಗಿ ಹಾಕಿದ್ರಿ. ಇಲ್ಲೀವರೆಗೆ ಬಂದೋರಲ್ಲಿ ನಿಮ್ದೇ ಮೇಲು."

ಸೆಂಟ್ ಸಾರ್‌ಗೆ ಹೋದ ಜೀವ ಬಂತು. "ನಮ್ಮ ವಿಭಾಗದವರು ಮೇಡಂ" ಎಂದು ಹಲ್ಲು ಕಿರಿದ.

ಮೂಗಿನಕ್ಕ ಕದಲಲಿಲ್ಲ. "ಮೇಡಂ, ನಾನು ಹೇಳಿದ್ದು ಪರೀಕ್ಷೆಗಲ್ಲ" ಎಂದಳು ಕನ್ನಡದಲ್ಲೇ. "ನಿಜ ಹೇಳಿದ್ದು. ನಮ್ಮ ಗಿಡ್ಡಿಗೆ ಸೂಜಿ ಚುಚ್ಚಿದೆ. ಮೂರು ವಾರ ಆಯ್ತು. ಇವ್ರು ಬರ್ಕೊಂಡಿಲ್ಲ."

ಮೇಡಂ ನಗು ಆರಿತು. ಹಾಳೆ ನೋಡಿದರು, ಗಡಿಯಾರ ನೋಡಿದರು. ಅವಳು ಹೇಳಿದ್ದು ಅವರಿಗೆ ಈಗ ಅರ್ಥವಾಗಿತ್ತು. ಅರ್ಥವಾದದ್ದೇ ಅವರಿಗೆ ಬೇಡವಾಗಿತ್ತು.

"ನೋಡೀಮ್ಮ, ನಂದು ಇಂಗ್ಲಿಷ್ ಪರೀಕ್ಷೆ ಮಾತ್ರ. ಅಂಥದ್ದೇನಿದ್ರೂ ನಿಮ್ಮ ಸೂಪರ್‌ವೈಸರ್‌ಗೆ ತಿಳಿಸ್ಬೇಕು. ಇಲ್ಲೇ ಇದ್ದಾರಲ್ಲ" ಎಂದು ಆದೇಶದ ಚೀಟಿಗೆ ಸಹಿ ಹಾಕಿ ಅವಳ ಮುಂದೆ ತಳ್ಳಿದರು. "ಸೋಮವಾರದಿಂದ ಆಚೆ ಕಡೆ. ಮುಂದಿನವರನ್ನ ಕಳ್ಸಿ."

ಚೀಟಿ ಹರಿದು ಅವರ ಮುಖಕ್ಕೆ ಎಸೆಯಬೇಕು ಎಂದು ಅವಳ ಕೈ ತುರಿಸಿತು. ಹರಿಯಲಿಲ್ಲ. ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತನ್ನನ್ನು ತಾನೇ ಬೈದುಕೊಂಡಳು, ಬೈದುಕೊಳ್ಳುತ್ತಲೇ ಚೀಟಿ ಬಿದ್ದಿಲ್ಲವಷ್ಟೇ ಎಂದು ಮುಟ್ಟಿನೋಡಿಕೊಂಡಳು.

ಗಿಡ್ಡಿ ಹಲಗೆಯ ಮೇಲೆ ನಿಂತು ದಾರಿ ಕಾಯುತ್ತಿದ್ದಳು.

"ಏನ್ ಕೇಳಿದ್ರಕ್ಕ?"

"ಸೂಜಿದು ಕೇಳಿದ್ರು. ನಿನ್ ವಿಷ್ಯ ಎಲ್ಲಾ ಹೇಳ್ದೆ."

"ನಿಜವಾಗ್ಲೂ? ಆ ಮೇಡಂ ಮುಂದೇನಾ?" ಗಿಡ್ಡಿಯ ಮುಖ ಅರಳಿತು. "ಏನಂದ್ರು?"

"ಎಕ್ಸಲೆಂಟ್ ಅಂದ್ರು."

ಗಿಡ್ಡಿ ತನ್ನ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಮತ್ತೆ ನೀನು? ಹೋಗ್ತೀಯಾ?"

ಮೂಗಿನಕ್ಕ ಕೈಗವಸು ಎಳೆದುಕೊಳ್ಳುತ್ತ ತಲೆ ತಗ್ಗಿಸಿಯೇ ಹೇಳಿದಳು. "ಹೋಗ್ತೀನಿ ಕಣೇ. ನಂಗೆ ಮಗು ಎತ್ಕೋಬೇಕು."

ಊಟದ ಗಂಟೆಯಾದಾಗ ಗಿಡ್ಡಿ ಊಟದ ಮೇಜಿನ ಮೇಲೆ ಡಬ್ಬಿ ಬಿಚ್ಚಿ, ಮೂಗಿನಕ್ಕನ ಪಾಲಿನ ರೊಟ್ಟಿಯನ್ನು ಮುಚ್ಚಳಕ್ಕೆ ಹಾಕಿ ಅವಳತ್ತ ಸರಿಸಿ, ತನ್ನದನ್ನು ಎತ್ತಿಕೊಂಡು ದೂರದ ಬೆಂಚಿಗೆ ಹೋಗಿ ಕುಳಿತಳು.