ಅಳುವ ಪ್ಲೇಟು

ನಮ್ಮ ಮಾವನವರದು ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಡತಿ ಅಂಗಡಿ. ಒಂದು ಎಳೆ ಹತ್ತಿಯನ್ನು ಬೆರಳಿನಿಂದ ಜಗ್ಗಿ ನೋಡಿ ಇದು ಸವದತ್ತಿ ಕಡೆಯ ಎರೆಹೊಲದ್ದು, ಇದು ಕಿತ್ತೂರ ಕಡೆಯ ಕೆಂಪು ಮಸಾರಿಯದು ಎಂದು ಹೇಳುತ್ತಿದ್ದರು. ಅವರ ಮುಂಬಯಿಯ ದಲಾಲ ಒಂದು ದೀಪಾವಳಿಗೆ ಗ್ರಾಮಫೋನ್ ಕಳಿಸಿದ. ಅದರ ಜೊತೆ ಒಂದೂ ಹಾಡು ಇರಲಿಲ್ಲ. ಮಾವನವರು ತಮಗೆ ಗೊತ್ತಿದ್ದ ರೀತಿಯಲ್ಲಿಯೇ ಆರ್ಡರ್ ಬರೆದರು: "ಒಂದು ಡಜನ್ ಪದ ಕಳಿಸುವುದು. ಮಾಲು ಫಸ್ಟ್ ಕ್ಲಾಸ್ ಇರಬೇಕು. ಬೆರಕೆ ನಡೆಯುವುದಿಲ್ಲ."

ಯಾವ ಭಾಷೆಯ ಹಾಡು ಎಂದು ಬರೆಯಬೇಕಾಗುತ್ತದೆ ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ದಲಾಲನೂ ಕೇಳಲಿಲ್ಲ. ಯಾವುದೋ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಹನ್ನೆರಡು ಪ್ಲೇಟುಗಳನ್ನು ಭತ್ತದ ಹೊಟ್ಟಿನಲ್ಲಿ ಹುಗಿದು ಕಳಿಸಿಬಿಟ್ಟ. ರೆಕಾರ್ಡಿಗೆ ನಮ್ಮ ಮನೆಯಲ್ಲಿ ಪ್ಲೇಟು ಎನ್ನುತ್ತಿದ್ದರು. ಮಾವನವರು ಒಂದೊಂದನ್ನೇ ಎತ್ತಿ, ಅಂಚು ಸವರಿ, ಮೂಸಿ ನೋಡಿ, ಮಾಲು ಸರಿ ಇದೆ ಎಂದರು. ಆಮೇಲೆ ಅವುಗಳ ಮೇಲಿನ ಚೀಟಿ ಓದಲು ನನ್ನನ್ನು ಕರೆದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ನಮ್ಮಪ್ಪ ಪಲ್ಟನ್ನಿನ ಕುದುರೆಗಳಿಗೆ ಹುಲ್ಲು ಪೂರೈಸುತ್ತಿದ್ದ. ನಾನು ಎಂಟು ವರ್ಷದವಳಿದ್ದಾಗ ಪ್ಲೇಗಿನಲ್ಲಿ ಅವ್ವ ತೀರಿದಳು. ಆಗ ಜನರೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಒಬ್ಬರ ಗುಡಿಸಲಿಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಅಪ್ಪ ಮತ್ತು ಇಬ್ಬರು ಆಳುಗಳು ಸೇರಿ ಅವ್ವನನ್ನು ಮಣ್ಣು ಮಾಡಿದರು. ಒಂದು ಹೆಂಗಸೂ ಬರಲಿಲ್ಲ. ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ, ಅಲ್ಲಿಯ ಗೇಟು ಮುಚ್ಚಿತ್ತು. ಎಂಟು ದಿನದ ಮೇಲೆ ಒಬ್ಬ ಸಿಸ್ಟರ್ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸುದ್ದಿ ಹೇಳಿ, ಒಂದು ಬಿಸ್ಕೀಟು ಕೊಟ್ಟರು. ನಾನು ಥ್ಯಾಂಕ್ ಯೂ ಸಿಸ್ಟರ್ ಎಂದೆ. ಮ್ಯಾನರ್ಸ್ ಚೆನ್ನಾಗಿ ಕಲಿಸಿದ್ದರು.

ಇರಲಿ, ಚೀಟಿಯ ವಿಷಯಕ್ಕೆ ಬರುತ್ತೇನೆ. ಹನ್ನೆರಡರಲ್ಲಿ ನಾಲ್ಕು ಮಾತ್ರ ಇಂಗ್ಲಿಷಿನಲ್ಲಿದ್ದವು. ಉಳಿದವನ್ನು ಮಿಸರ ಎಂದರೆ ಈಜಿಪ್ಟ್ ದೇಶದ್ದು, ಚೀನಾದ್ದು, ಜರ್ಮನ್ ಬ್ಯಾಂಡು ಎಂದು ಅಂದಾಜಿನಿಂದ ಹೇಳಿದೆ. ನಾನು ಏನು ಹೇಳಿದ್ದರೂ ನಡೆಯುತ್ತಿತ್ತು. ಮಾವನವರು ಹಣೆಗೆ ಕೈ ಹಚ್ಚಿಕೊಂಡು ಕೂತರು. ಆದರೆ ಮಾಲು ವಾಪಸು ಕಳಿಸುವುದು ಅವರ ಅಂಗಡಿಯ ಪದ್ಧತಿಯಲ್ಲ. ಹೀಗಾಗಿ ಅವನ್ನೇ ಹಚ್ಚಿ ಕೇಳಿದೆವು.

ಹದಿನೈದು ದಿನಗಳಲ್ಲಿ ಒಂದೊಂದು ಪ್ಲೇಟಿಗೆ ಒಬ್ಬೊಬ್ಬ ಧಣಿ ಹುಟ್ಟಿದ. ಮಾವನವರು ಜರ್ಮನ್ ಬ್ಯಾಂಡಿನ ತಾಳಕ್ಕೆ ಎಲೆಅಡಿಕೆ ಅಗಿಯುವುದನ್ನು ರೂಢಿ ಮಾಡಿಕೊಂಡರು. ಅತ್ತೆಯವರು ಚೀನಾದ ಪದ ಕೇಳಿ "ಯಾರೋ ಹಿತ್ತಾಳಿ ಕೊಡಾ ತಿಕ್ಕಾಕತ್ತಾರ" ಎಂದಿದ್ದರು. ಎಂಟೇ ದಿನಕ್ಕೆ ಅದು ಕೇಳದಿದ್ದರೆ ಅವರಿಗೆ ಭಾಂಡೆ ತಿಕ್ಕುವ ಹುರುಪು ಬಾರದಾಯಿತು. ಸ್ಕಾಟ್ಲಂಡಿನ ಬ್ಯಾಗ್‌ಪೈಪು, ಎಂದರೆ ಚೀಲದ ಪೀಪಿ, ಮನೆಯ ಹಿರಿಯಳಾದ ಆಯಿಯ ಪಾಲಿಗೆ ಬಂತು.

ಆಯಿ ಎಂದರೆ ಮಾವನವರ ತಾಯಿ. ಪಡಸಾಲೆಯ ಎರಡನೆಯ ಕಂಬಕ್ಕೆ ಒರಗಿ ಕೂಡುತ್ತಿದ್ದಳು. ಆ ಮನೆಯ ಹೈಕೋರ್ಟು ಆ ಕಂಬವೇ. ಚೀಲದ ಪೀಪಿಯನ್ನು ಅವಳು ಒಂದೇ ಸಲಕ್ಕೆ ಗುರುತಿಸಿದಳು: "ಇದು ಸನಾದಿ. ಊದಾವ ಸ್ವಲ್ಪ ಸಿಟ್ಟಿನಾಂವ ಅದಾನ, ಅಷ್ಟs." ಮಿಸರದ ಹಾಡುಗಾರನಿಗೆ ಕೆಮ್ಮು ಬಂದೀತೆಂದು ಅವಳಿಗೆ ಚಿಂತೆ. ಅವನ ಪ್ಲೇಟು ಮುಗಿದಾಗಲೆಲ್ಲ ಗ್ರಾಮಫೋನಿನ ಮುಂದೆ ಒಂದು ತುಣುಕು ಬೆಲ್ಲ ಇಡಿಸುತ್ತಿದ್ದಳು. ಬೆಲ್ಲ ಇರುವೆಗಳಿಗೆ ಸಲ್ಲುತ್ತಿತ್ತು.

ಆಯಿಗೆ ಒಂದು ವಿದ್ಯೆ ಇತ್ತು. ನಮ್ಮ ಕಡೆ ಸತ್ತ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಉಟ್ಟರು, ಏನು ಉಂಡರು, ಯಾರಿಗೆ ಏನು ಅಂದರು, ಎಲ್ಲವೂ ಆ ಅಳುವಿನಲ್ಲಿ ಬರಬೇಕು. ಇದರಲ್ಲಿ ಆಯಿಯನ್ನು ಮೀರಿಸುವವರು ಸುತ್ತಿನ ಊರುಗಳಲ್ಲಿ ಇರಲಿಲ್ಲ. ಎಂ.ಕೆ. ಹುಬ್ಬಳ್ಳಿಯಿಂದ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವಳು ಬಾರದೆ ಹೆಣ ಎತ್ತಿದ ಮನೆಯವರು ವರ್ಷಗಟ್ಟಲೆ ಅದನ್ನು ಹೇಳಿ ಹಳಹಳಿಸುತ್ತಿದ್ದರು.

ಒಂದು ಮಧ್ಯಾಹ್ನ ಆಯಿ ನನ್ನನ್ನು ಕರೆದಳು.

"ಮನ್ಯಾಗ ಎಲ್ಲಾರಿಗೂ ಒಂದೊಂದು ಪದ ಆತು. ನಿಂದು ಯಾವುದವಾ?"

"ನನಗ ಎಲ್ಲಾನೂ ಸೇರತಾವ್ರಿ ಆಯಿ."

"ಎಲ್ಲಾ ಸೇರತಾವ ಅನ್ನಾಕಿಗೆ ಒಂದೂ ಸೇರಿಲ್ಲ ಅಂತನs ಅರ್ಥ. ಖರೇ ಹೇಳು."

ಖರೆ ಏನೆಂದರೆ, ನನ್ನ ಟ್ರಂಕಿನಲ್ಲಿ ಎರಡು ಕುಬಸಗಳ ನಡುವೆ ಒಂದು ಪ್ಲೇಟು ಇತ್ತು. ಅದು ಬಿಸ್ಕೀಟು ಕೊಟ್ಟ ಆ ಸಿಸ್ಟರದು. ಅವರ ದೇಶ ಇಟಲಿ. ಅವರ ತಮ್ಮ ಅಲ್ಲಿಂದ ಕಳಿಸಿದ್ದನಂತೆ, ಆದರೆ ಕಾನ್ವೆಂಟಿನಲ್ಲಿ ಗ್ರಾಮಫೋನ್ ಇರಲಿಲ್ಲ, ಬರುವ ಸಂಭವವೂ ಇರಲಿಲ್ಲ. ವರ್ಷಕ್ಕೊಮ್ಮೆ ನಾವಿಬ್ಬರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಇದು ಬಹಳ ಸಂತೋಷದ ಹಾಡು, ಹುಡುಗಿಗೆ ನಾಳೆ ಮದುವೆ, ಅದಕ್ಕೆ ಹಾಡುತ್ತಿದ್ದಾಳೆ ಎಂದು ಸಿಸ್ಟರ್ ಹೇಳುತ್ತಿದ್ದರು. ಗುನುಗಿ ತೋರಿಸುತ್ತಿದ್ದರು, ಅವರ ಕಂಠ ಅಷ್ಟು ಚೆನ್ನಾಗಿರಲಿಲ್ಲ. ನನ್ನ ಮದುವೆಗೆ ಅದನ್ನೇ ಪ್ರೆಸೆಂಟ್ ಮಾಡಿ, "ಎಲ್ಲಾದರೂ ಮಷೀನು ಸಿಕ್ಕರೆ ನನ್ನ ಪಾಲಿನದನ್ನೂ ನೀನೇ ಕೇಳು," ಎಂದಿದ್ದರು. ಹನ್ನೆರಡು ಪ್ಲೇಟು ತಿರುಗಿದ ಪಡಸಾಲೆಯಲ್ಲಿ ಹದಿಮೂರನೆಯದನ್ನು ತರಲು ನನಗೆ ಧೈರ್ಯ ಬಂದಿರಲಿಲ್ಲ.

ಹೋಗಿ ಅದನ್ನು ತಂದೆ. ಚಾವಿ ಕೊಟ್ಟೆ, ಹೊಸ ಸೂಜಿ ಹಾಕಿದೆ. ತಲಬಾಗಿಲು ತೆರೆದೇ ಇತ್ತು.

ಮೊದಲು ಸ್ವಲ್ಪ ಮಳೆ ಬಂದಂತೆ ಸಪ್ಪಳ. ಆಮೇಲೆ ಅವಳ ಧ್ವನಿ. ಕೆಳಗಿನಿಂದ ಮೇಲಕ್ಕೆ ಏರಿ, ಇನ್ನು ಉಸಿರು ಸಾಲದು ಎನ್ನುವಲ್ಲಿಂದ ಮತ್ತೂ ಮೇಲೆ ಹೋಯಿತು. ನಾನು ಫ್ರ್ಯಾಂಕ್ಲಿ ಹೇಳುತ್ತೇನೆ, ಸೂಜಿಯ ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಆಯಿ ಬಾಯಿಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಪ್ಲೇಟು ಮುಗಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಕಸುಬುದಾರರ ದನಿಯಲ್ಲಿ ಹೇಳಿದಳು:

"ಉಸಿರು ಛಲೋ ಐತಿ. ಎಳೀಬೇಕಾದಲ್ಲೆ ಎಳೀತಾಳ. ಆದ್ರ ಸತ್ತವರ ಹೆಸರs ತಗೊಳವಲ್ಲಳು. ಯಾರು ಸತ್ತಾರಂತ?"

ನಾನು ಬಾಯಿ ತೆರೆಯುವುದರೊಳಗೆ, ತೆರೆದ ಬಾಗಿಲಿನಿಂದ ಅಳು ಕೇಳಿದ ಓಣಿಯೇ ಒಳಗೆ ಬಂತು.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ರೊಟ್ಟಿ ತರಬೇಕು. ನಮ್ಮ ಓಣಿ ಇಂಥದರಲ್ಲಿ ಹಿಂದೆ ಬಿದ್ದದ್ದಲ್ಲ. ಎದುರುಮನೆಯಾಕೆ ಒಂದು ಬುಟ್ಟಿ ಜೋಳದ ರೊಟ್ಟಿ, ಒಂದು ಡಬರಿ ಝುಣಕ ಹೊತ್ತು ತಲಬಾಗಿಲಿನಿಂದಲೇ ದನಿ ತೆಗೆದಳು: "ಅಯ್ಯs ನಮ್ಮ ಆಯೀ, ಓಣಿ ದೀಪಾ ಆರಿತs..." ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತ ಆಯಿಯನ್ನು ಕಂಡು ಅಲ್ಲಿಯೇ ನಿಂತಳು.

"ಏನs, ನನಗs ಅಳಾಕತ್ತಿಯೇನು?" ಎಂದಳು ಆಯಿ.

"ಮತ್ತ ಯಾರಿಗೆ ಅಳ್ಳಿ? ಈ ಮನ್ಯಾಗ ವಯಸ್ಸಾದಾಕಿ ನೀನs ಅಲ್ಲೇನು?"

ಅವಳ ಹಿಂದೆ ಐದು ಬುಟ್ಟಿ ಬಂದವು. ನಾನು ಗ್ರಾಮಫೋನು ತೋರಿಸಿ ತಿಳಿಸಿ ಹೇಳಿದೆ. ಎಲ್ಲರೂ ಹೌದೌದು ಎಂದರು. ಆದರೆ ಸತ್ತ ಮನೆಗೆ ತಂದ ರೊಟ್ಟಿಯನ್ನು ಯಾರೂ ಹೊಸ್ತಿಲು ದಾಟಿ ಹಿಂದಕ್ಕೆ ಒಯ್ಯುವುದಿಲ್ಲ. ಬುಟ್ಟಿ ಖಾಲಿ ಮಾಡಿ ಹೋದರು. ಎರಡು ದಿನ ನಾವು ಅದನ್ನೇ ತಿಂದೆವು. ಮಾವನವರು ಎದುರುಮನೆಯ ಝುಣಕ ನಮ್ಮ ಮನೆಯದಕ್ಕಿಂತ ರುಚಿ ಎಂದು ಹೇಳಿ ಅತ್ತೆಯವರಿಂದ ಅನ್ನಿಸಿಕೊಂಡರು.

ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಸಂಜೆ ಪೇಟೆಯಿಂದ ರಾಮದುರ್ಗದ ಕಡೆ ಹೊರಟ ಗಾಡಿಯವರು ಅರ್ಧ ಸುದ್ದಿ ಹೊತ್ತುಕೊಂಡು ಹೋದರು. ಐದನೆಯ ದಿನ ಮುಂಜಾನೆ ಓಣಿಯ ತಿರುವಿನಿಂದಲೇ ದೊಡ್ಡ ಅಳು ಕೇಳಿತು. ಆಯಿಯ ತಂಗಿ ಕಟಕೋಳದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಆಯಿ ತಾನೇ ಎದ್ದು ಬಾಗಿಲಿಗೆ ಹೋದಳು.

"ನಾ ಸತ್ತಿಲ್ಲ. ಒಳಗ ಬಾ. ಕಾಲ ತೊಳಕೊ."

ತಂಗಿ ಗಾಡಿಯಲ್ಲಿಯೇ ಕೂತು ಬಹಳ ಹೊತ್ತು ಅಕ್ಕನ ಮುಖ ನೋಡಿದಳು. "ಸತ್ತಿಲ್ಲಾ ಅಂದ್ರ ಮೊದಲs ಹೇಳಿ ಕಳಸಬಾರದೇನು? ಎರಡು ದಿನದ ಹಾದಿ ಅತಗೋತ ಬಂದೇನಿ. ನಿನ್ನ ಮದುವಿಯಿಂದ ಹಿಡದು ಎಲ್ಲಾ ಹಾಡಿ ಮುಗಿಸೇನಿ."

"ನನ್ನ ಕಿವ್ಯಾಗಿನ ಬುಗುಡಿ ವಿಷಯ ಹಾಡಿದೇನು?"

"ಅದನ್ನೂ ಹಾಡಿದೆ. ನೀ ನನಗ ಕೊಡಲಿಲ್ಲ ಅನ್ನೂದನ್ನೂ ಹಾಡಿದೆ."

ಕಾಲು ತೊಳೆದುಕೊಂಡು, ಎರಡು ರೊಟ್ಟಿ ತಿಂದು, ಕಟಕೋಳದ ಆಯಿ ತೀರ್ಪು ಕೊಟ್ಟಳು. ಒಮ್ಮೆ ಹಾಡಿಕೊಂಡು ಅತ್ತ ಅಳು ಯಾರಿಗಾದರೂ ಸಲ್ಲಲೇಬೇಕು. ಸತ್ತವರು ಇಲ್ಲದಿದ್ದರೆ ಅದು ಬದುಕಿದವರನ್ನು ಹುಡುಕುತ್ತದೆ. ಓಣಿ ಅತ್ತಿದೆ, ತಾನು ಅತ್ತಿದ್ದೇನೆ, ಅಕ್ಕ ಇನ್ನೂ ಜೀವಂತ ಕೂತಿದ್ದಾಳೆ. ಆ ಪ್ಲೇಟನ್ನು ಇವತ್ತೇ ಹಿತ್ತಲ ಬಾವಿಗೆ ಒಗೆಯಬೇಕು. ಅತ್ತೆಯವರು ಹೌದು ಎಂದರು. ನೋಡಲು ಬಂದ ಎದುರುಮನೆಯಾಕೆಯೂ ಹೌದು ಎಂದಳು.

ಪ್ಲೇಟು ನನ್ನ ಕೈಯಲ್ಲಿತ್ತು. ಅದನ್ನು ನಾನು ಕೇಳಿದ್ದು ಒಂದೇ ಸಲ. ಸಿಸ್ಟರ್ ಪಾಲಿನದನ್ನು ಇನ್ನೂ ಕೇಳಿರಲಿಲ್ಲ. ಬೆಳಗಾವಿಯಿಂದ ನಾನು ತಂದದ್ದರಲ್ಲಿ ಉಳಿದದ್ದು ಅದೊಂದೇ. ಅಲ್ಲಿಯ ಕಲಿಕೆ ಚೀಟಿ ಓದುವ ಉಪಯೋಗಕ್ಕೆ ಮಾತ್ರ ಬರುತ್ತಿತ್ತು.

ಆಯಿ ಕಂಬಕ್ಕೆ ಒರಗಿ ನನ್ನ ಕಡೆ ನೋಡಿದಳು. "ತಡೀರಿ. ಅಳಾಕಿಗೆ ಗೊತ್ತಿಲ್ಲದs ಅಳತಾಳೇನು? ಈಕಿ ಸಾಲಿ ಕಲತಾಕಿ ಅದಾಳ, ಈಕೀನ ಕೇಳೂಣು. ಹೇಳವಾ. ಆಕಿ ಯಾರ ಸಲುವಾಗಿ ಅಳಾಕತ್ತಾಳ?"

ನನಗೆ ಆ ಭಾಷೆ ಬರುತ್ತಿರಲಿಲ್ಲ. ಅರ್ಥ ಮಾತ್ರ ಗೊತ್ತಿತ್ತು. ಹುಡುಗಿಗೆ ನಾಳೆ ಮದುವೆ. ಸುಳ್ಳು ಪಾಪ ಎಂದು ಕಾನ್ವೆಂಟಿನಲ್ಲಿ ನೂರು ಸಲ ಕಾಪಿ ಬರೆಸಿದ್ದರು, ನನ್ನ ಹ್ಯಾಂಡ್‌ರೈಟಿಂಗಿಗೆ ಪ್ರೈಜು ಕೂಡ ಬಂದಿತ್ತು.

"ನಮ್ಮವ್ವನ ಸಲುವಾಗಿರಿ," ಎಂದೆ.

ಆಯಿ ಕೇಳಿದಳು, "ನಿಮ್ಮವ್ವ ಹೋದಾಗ ಯಾರು ಅತ್ತರು?"

"ಪ್ಲೇಗಿನಾಗ ಹೋದಳ್ರಿ. ಹೊಲದಾಗಿನ ಗುಡಸಲದಾಗ. ಯಾರೂ ಬಂದಿರಲಿಲ್ಲ."

"ನೀ?"

"ನಾ ಸಾಲ್ಯಾಗ ಇದ್ದೆ."

ಆಯಿ ಎಲೆಅಡಿಕೆಯನ್ನು ಉಗುಳಿ ಬಂದಳು. ಅವಳು ಕೆಲಸಕ್ಕೆ ಕೂಡುವ ಮೊದಲು ಮಾಡುವ ಸಿದ್ಧತೆ ಅದು ಎಂದು ಆಮೇಲೆ ತಿಳಿಯಿತು. ಇಬ್ಬರು ಮುದುಕಿಯರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ನನ್ನನ್ನು ನಡುವೆ ಕೂಡಿಸಿಕೊಂಡರು.

"ಏನ ಉಡ್ತಿದ್ದಳು?"

"ಹಸರ ಇಳಕಲ್. ಒಂದು ಕಡೆ ಹರದಿತ್ತು. ಆ ಕಡೆ ಒಳಗ ಮಾಡಿ ಉಡ್ತಿದ್ದಳು."

"ತಿನ್ನಾಕ ಏನ ಸೇರತಿತ್ತು?"

"ಹಸಿ ಕಡಲಿ."

"ಮತ್ತ?"

ಮತ್ತೆ ನನಗೆ ಹೆಚ್ಚು ಗೊತ್ತಿರಲಿಲ್ಲ. ಎಂಟು ವರ್ಷದವಳು ಏನು ನೋಡಿಟ್ಟುಕೊಂಡಿರುತ್ತಾಳೆ? "ಕೈ ಯಾವಾಗಲೂ ತಣ್ಣಗ ಇರತಿದ್ದುವು," ಎಂದೆ.

"ಸಾಕು," ಎಂದಳು ಆಯಿ. "ಇಷ್ಟು ಭಾಳ ಆತು."

ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಶುರು ಮಾಡಿದಳು. ಹರಿದ ಕಡೆ ಒಳಗ ಮಾಡಿ ಉಟ್ಟಾಕಿ ನಮ್ಮವ್ವಾ, ತಣ್ಣನ್ನ ಕೈಯಾಕಿ, ಕಡಲಿ ಹೊಲದಾಗ ಒಬ್ಬಾಕೀನs ಮಲಗಿದೆಲ್ಲವ್ವಾ. ಕಟಕೋಳದ ಆಯಿ ಅದನ್ನು ಹಿಡಿದು ಮುಂದಕ್ಕೆ ಎಳೆದಳು. ಎದುರುಮನೆಯಾಕೆ ತಾನು ನೋಡದ ನನ್ನ ಅವ್ವನಿಗೆ ತನ್ನ ಕಡೆಯಿಂದ ಒಂದು ನುಡಿ ಸೇರಿಸಿದಳು. ನಾನೂ ಅತ್ತುಬಿಟ್ಟೆ. ಹತ್ತು ವರ್ಷ ತಡವಾಗಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಊಟಕ್ಕೆಂದು ಅಂಗಡಿಯಿಂದ ಬಂದ ಮಾವನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆಯೇ ಕೂತರು.

ಮುಗಿದ ಮೇಲೆ ಎಲ್ಲರೂ ಮುಖ ತೊಳೆದುಕೊಂಡೆವು. ಅತ್ತೆಯವರು ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾವಿಯ ಕಡೆ ಹೋಗದೆ, ತಮ್ಮ ಸೆರಗಿನಿಂದ ಒರೆಸಿದರು.

"ಅದು ಈಗ ಈಕಿಯವ್ವಂದು," ಎಂದಳು ಆಯಿ. "ಯಾರೂ ಮುಟ್ಟಬ್ಯಾಡ್ರಿ."

"ಮುಟ್ಟಾಂಗಿಲ್ಲ. ಆದ್ರ ಇನ್ನೊಮ್ಮೆ ಹಚ್ಚವಾ," ಎಂದಳು ಕಟಕೋಳದ ಆಯಿ. ಅವಳು ಅಕ್ಕನಿಂದ ಅದರ ವರ್ಣನೆ ಮಾತ್ರ ಕೇಳಿದ್ದಳು, ಪ್ಲೇಟನ್ನು ಇನ್ನೂ ಕೇಳಿಯೇ ಇರಲಿಲ್ಲ. "ಹೆಸರು ನಾವು ಹಿಡದೇವಿ. ಉಸಿರು ಆಕಿ ಹಿಡೀಲಿ."

ನಾನು ಎದ್ದು ಹೊಸ ಸೂಜಿ ಹಾಕಿ ಚಾವಿ ಕೊಟ್ಟೆ. ಎದುರುಮನೆಯಾಕೆ ಹೋಗಿ ತಲಬಾಗಿಲು ಮುಚ್ಚಿ ಬಂದಳು, ಮತ್ತೆ ರೊಟ್ಟಿ ಬರಬಾರದೆಂದು. ಸ್ವಲ್ಪ ಮಳೆ ಬಂದಂತೆ ಸಪ್ಪಳವಾಯಿತು. ಆಮೇಲೆ, ಮರುದಿನವೇ ಮದುವೆ ಇದ್ದ ಆ ಹುಡುಗಿ, ನಮ್ಮವ್ವನಿಗಾಗಿ ಅಳಲು ಶುರು ಮಾಡಿದಳು.