ಲೆಕ್ಕಕ್ಕೆ ಸಿಗದ ಒಂದು ಕ್ಷಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಹೇಳಿದವನು ನಾನು. ಆದರೂ ಬಲ್ಬ್ ಬದಲಿಸಲೆಂದು ನಾನು ಸ್ಟೂಲ್ ಹತ್ತಿದರೆ, ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಮೇನ್ ಸ್ವಿಚ್ಚಿನ ಕಡೆ ಓಡುತ್ತಾಳೆ.

ಇದು ಶಹಾಬಾದಿನ ನಮ್ಮ ಓಣಿಯ ಜನರಿಗೆ ತಿಳಿಯದು. ಹಾಗಾಗಿ ಬುದ್ಧ ಪೂರ್ಣಿಮೆಯ ಸಂಜೆ ನಮ್ಮ ವಿಹಾರದ ಹೊಸ ಸಭಾಭವನದಲ್ಲಿ ದೀಪ ನಿಲ್ಲದಿದ್ದಾಗ ನನಗೇ ಕರೆ ಬಂತು. ಇಪ್ಪತ್ತನಾಲ್ಕು ಎಲ್ಇಡಿ ಫ್ಲಡ್‌ಲೈಟು, ಒಂದೇ ಸ್ವಿಚ್ಚು. ಒತ್ತಿದ ಕೂಡಲೇ ಗೋಡೆಯ ಡಬ್ಬಿಯಲ್ಲಿ 'ಟಕ್' ಎಂದು ಬ್ರೇಕರ್ ಬಿದ್ದು ಕರೆಂಟ್ ಕಡಿದುಹೋಗುತ್ತಿತ್ತು. ಮೇಲೆತ್ತಿದರೆ ಮತ್ತೆ ಟಕ್.

"ಇನ್ನ ಒಂದ್ ತಾಸಿನಾಗ ಮಂದಿ ಬರ್ತಾರ್ರೀ ಸರ್. ಹೆಂಗ ಮಾಡೋದು?" ಎಂದರು ವಿಹಾರದ ಹಿರಿಯ ಭೀಮಶಾ.

ನಾನು ಆಮಂತ್ರಣ ಪತ್ರಿಕೆಯ ಬೆನ್ನಿಗೆ ಲೆಕ್ಕ ಬರೆದೆ. ಒಂದೊಂದು ದೀಪ ಐವತ್ತು ವ್ಯಾಟ್, ಒಟ್ಟು ಸಾವಿರದ ಇನ್ನೂರು. ಎಳೆಯುವುದು ಐದು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಬ್ರೇಕರ್ ತಾಳುವುದು ಹತ್ತು. "ಲೆಕ್ಕದ ಪ್ರಕಾರ ಅದು ಬೀಳಂಗೇ ಇಲ್ಲ," ಎಂದು ಘೋಷಿಸಿದೆ. ಬ್ರೇಕರಿಗೆ ನನ್ನ ಪಾಂಡಿತ್ಯದ ಬಗ್ಗೆ ಗೌರವವಿದ್ದಂತೆ ಕಾಣಲಿಲ್ಲ. ಟಕ್.

"ಹಂಗಾರ ಮೂವತ್ತೆರಡು ಆಂಪಿಯರಿಂದು ತಂದು ಹಾಕ್ಸೋಣೇನ್ರಿ?" ಎಂದರು ಭೀಮಶಾ. ನಾನು ಗಂಭೀರವಾಗಿ ಹೂಂ ಎಂದು ತಲೆಯಾಡಿಸಿಯೂ ಬಿಟ್ಟೆ.

"ಬ್ಯಾಡ್ರಿ ಕಾಕಾ!" ಎಂಬ ದನಿ ಬಾಗಿಲಿನಿಂದ ಬಂತು. ನನ್ನ ಮಗಳು ಸುಜಾತಾ. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದಳು. "ತಂತಿ ಸಣ್ಣದದ. ದೊಡ್ಡ ಬ್ರೇಕರ್ ಹಾಕಿದ್ರ ಬ್ರೇಕರ್ ಬೀಳಂಗಿಲ್ಲ, ತಂತಿ ಸುಡ್ತದ. ಬ್ರೇಕರ್ ಇರೋದು ತಂತಿ ಕಾಯ್ಲಿಕ್ಕಿ."

ಇವಳ ಬಗ್ಗೆ ಇನ್ನೊಂದು ತಪ್ಪೊಪ್ಪಿಗೆ ಇದೆ. ಇಂಜಿನಿಯರಿಂಗ್ ಓದು ಎಂದರೆ ಕೇಳದೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆದಳು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು "ಫ್ಯಾಕ್ಟರಿಯಲ್ಲಿದ್ದಾಳೆ" ಎಂದು ಮಾತು ಬದಲಿಸುತ್ತಿದ್ದೆ. ಕೇಳಿದವರು ಆಫೀಸು, ಕಂಪ್ಯೂಟರು ಎಂದುಕೊಂಡರೆ ತಿದ್ದುತ್ತಿರಲಿಲ್ಲ.

ಆಕೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಡಬ್ಬಿ ಬಿಚ್ಚಿದಳು. ಮೂರು ಸಾಲು ದೀಪಗಳ ಮೂರು ತಂತಿಗಳೂ ಒಂದೇ ಬ್ರೇಕರಿಗೆ ಸೇರಿದ್ದವು. ಎರಡನ್ನು ಬಿಡಿಸಿ ಒಂದು ಸಾಲು ಹಚ್ಚಿದಳು, ನಿಂತಿತು. ಮತ್ತೆ ಮೇನ್ ಆಫ್ ಮಾಡಿ ಎರಡನೆಯದನ್ನು ಸೇರಿಸಿದಳು, ಅದೂ ನಿಂತಿತು. ಮೀಟರ್ ಹಿಡಿದು ನೋಡಿ ನಕ್ಕಳು. "ಅಪ್ಪಾ, ನಿನ್ನ ಲೆಕ್ಕಾ ಖರೇನೇ ಅದ." ಹಾಗೆಯೇ ಮೇನ್ ಆಫ್ ಮಾಡಿ ಮೂರನೆಯದನ್ನೂ ಸೇರಿಸಿ ಹಚ್ಚಿದಳು. ಟಕ್.

"ಹಂಗಾರ ಯಾಕ ಬೀಳ್ತದ?" ಎಂದೆ.

"ನೀ ದೀಪ ಹತ್ತಿದ ಮ್ಯಾಲಿನ ಲೆಕ್ಕಾ ಮಾಡೀದಿ. ಹತ್ತೋ ಮುಂದ ಇವೆಲ್ಲಾ ಒಮ್ಮೆಗೇ ಭಾಳ ಕರೆಂಟ್ ಎಳೀತಾವ. ಒಳಗ ಕೆಪಾಸಿಟರ್ ಇರ್ತಾವಲ್ಲ, ಅವು ತುಂಬಬೇಕು. ಕಣ್ಣು ಮಿಟುಕೋದ್ರಾಗ ಮುಗೀತದ. ಬ್ರೇಕರಿಗಿ ಅಷ್ಟೇ ಸಾಕು."

ನನ್ನ ಕಿವಿ ಬಿಸಿಯಾಯಿತು. ಖಾಲಿ ಕೆಪಾಸಿಟರು ಮೊದಲ ಕ್ಷಣದಲ್ಲಿ ಹೇಗೆ ಎಳೆಯುತ್ತದೆ ಎಂಬುದರ ನಕ್ಷೆಯನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವನು ನಾನೇ. ಆ ಗೆರೆ ಬೋರ್ಡಿನಿಂದ ಇಳಿದು ನಮ್ಮ ಓಣಿಗೂ ಬರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಡಬ್ಬಿಯಲ್ಲಿ ಮುಂದೆ ಬೇಕಾಗಬಹುದೆಂದು ಬಿಟ್ಟ ಎರಡು ಬ್ರೇಕರುಗಳೂ ಪಕ್ಕದ ಬೋರ್ಡಿನಲ್ಲಿ ಎರಡು ಖಾಲಿ ಸ್ವಿಚ್ಚುಗಳೂ ಇದ್ದವು. ಸುಜಾತಾ ಪ್ರತಿ ಸಾಲಿಗೆ ಒಂದೊಂದು ಬ್ರೇಕರ್, ಒಂದೊಂದು ಸ್ವಿಚ್ಚು ಕೊಟ್ಟಳು. ಒಂದಾದ ಮೇಲೆ ಒಂದು ಒತ್ತಿದಳು. ಬಿಳಿಯ ಬುದ್ಧನ ಮೂರ್ತಿಯೂ ಕೆಳಗಿನ ಶಹಾಬಾದಿ ಫರ್ಸಿಕಲ್ಲಿನ ನೆಲವೂ ಬೆಳಗಿದವು. ಹೆಂಗಸರು ಚಪ್ಪಾಳೆ ತಟ್ಟಿದರು.

"ಯಾರ ಮಗಳವ್ವಾ ನೀ?" ಎಂದು ಒಬ್ಬ ಮುದುಕಿ ಕೇಳಿದಳು. ಸುಜಾತಾ ಬಾಯಿ ತೆರೆಯುವ ಮೊದಲೇ ನಾನು ಮೈಕಿನ ಹತ್ತಿರ ಹೋಗಿದ್ದೆ. ಸ್ವಾಗತ ಭಾಷಣ ನನ್ನದಾಗಿತ್ತು. ಬರೆದುಕೊಂಡು ಬಂದದ್ದೆಲ್ಲ ಮರೆತು ಒಂದೇ ಮಾತು ಹೇಳಿದೆ: "ಈಕಿ ನನ್ನ ಮಗಳು. ಎಲೆಕ್ಟ್ರಿಷಿಯನ್."

ಡಬ್ಬಿಯ ಸ್ಕ್ರೂ ಬಿಗಿಯುತ್ತಿದ್ದವಳು ತಿರುಗಿ ನೋಡಿದಳು. ಮುಂಗೈಯಿಂದ ಮುಖದ ಬೆವರು ಒರೆಸಿಕೊಂಡು, ಸ್ವಲ್ಪ ಹೆಚ್ಚೇ ಹೊತ್ತು ಒರೆಸಿಕೊಂಡು, ಮತ್ತೆ ಕೆಲಸಕ್ಕೆ ತಿರುಗಿದಳು.

ಈಗ ಚಿತ್ತಾಪುರ, ಸೇಡಂನಿಂದಲೂ ಮನೆಗೆ ಫೋನ್ ಬರುತ್ತದೆ. ಎತ್ತುವವನು ನಾನು. "ಮೇಡಂ ಅದಾರೇನ್ರಿ?" ಎಂದು ಕೇಳುತ್ತಾರೆ. ನಾನು ಪೆನ್ನಿನ ಮುಚ್ಚಳ ತೆಗೆದು, ಊರು, ಓಣಿ, ತೊಂದರೆ ಬರೆದುಕೊಳ್ಳುತ್ತೇನೆ. ಸಲಹೆ ಮಾತ್ರ ಕೊಡುವುದಿಲ್ಲ.