ಮಾದೇವಕ್ಕನ ಕೆಮ್ಮು

ಬೆಳಗಿನ ಜಾವ ದೋಣಿಯವರ ಹತ್ತಿರ ಕೊಂಕಣಿಯಲ್ಲಿ ಚೌಕಾಸಿ ಮಾಡಿ ಕೊಂಡ ಬಂಗಡೆಯನ್ನು ಮಾದೇವಕ್ಕ ನಾಮಧಾರಿ ಕೇರಿಯಲ್ಲಿ ಕನ್ನಡದಲ್ಲಿ ಮಾರುತ್ತಿದ್ದರು. ಅಲ್ಲಿ ಉಳಿದದ್ದನ್ನು ಮಸೀದಿ ಕೇರಿಗೆ ಒಯ್ದು ಅರ್ಧ ನವಾಯತಿ, ಅರ್ಧ ಉರ್ದುವಿನಲ್ಲಿ ಖಾಲಿ ಮಾಡುತ್ತಿದ್ದರು. ಜಗಳ ಬಂದರೆ ಮಾತ್ರ ಎಲ್ಲ ಕಡೆಯೂ ಕನ್ನಡವೇ. "ಜಗಳಕ್ಕೆ ಸರ್ಕಾರಿ ಭಾಷೆನೇ ಚಂದ, ಮಾರಾಯ್ತಿ" ಎನ್ನುವರು. ಮಾತು ಯಾವ ಭಾಷೆಯದಾದರೂ ಅವರ ದನಿಗೆ ಮಾತ್ರ ಏರಿಳಿತವೇ ಇರಲಿಲ್ಲ. ಬೈಯುವಾಗಲೂ ಅದೇ ದನಿ, ಮುದ್ದು ಮಾಡುವಾಗಲೂ ಅದೇ ದನಿ. ನಾನು ಆ ಪಂಚಾಯ್ತಿಗೆ ಹೋದ ಹೊಸತರಲ್ಲಿ ಅವರು ಬೈದದ್ದನ್ನು ಹೊಗಳಿಕೆ ಎಂದುಕೊಂಡು ಎರಡು ಸಲ ನಕ್ಕಿದ್ದೇನೆ.

ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವಾಗ ಮಂಕಿ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಸಮುದ್ರದ ಬದಿಗೆ ಇಳಿದರೆ ಸಿಗುವ ಊರು. ಹೆಸರು ಬೇಡ, ಈಗಲೂ ಅಲ್ಲಿಯವರು ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ನಾನು ಅಲ್ಲಿ ಪಿಡಿಒ ಆಗಿ ಸೇರಿದಾಗ ಮಾದೇವಕ್ಕ ಅಧ್ಯಕ್ಷೆ. ಮಹಿಳಾ ಮೀಸಲಿನಲ್ಲಿ ಬಂದವರು. ನಾನೋ ಕುಮಟೆ ಕಡೆಯ ಭಟ್ಟರ ಮನೆಯವಳು, ಮೀನಿನ ಪಟದಿಂದಲೂ ದೂರ ಕೂತು ಬೆಳೆದವಳು. ಆರ್ಡರು ಬಂದ ದಿನ ಅಮ್ಮ, "ಅಲ್ಲೆಲ್ಲ ಮೀನಿನ ವಾಸನೆ ಇರ್ತು. ನಿಂಗೆ ಆಗ್ತಿಲ್ಲೆ, ಬೇರೆ ಕಡೆ ಕೇಳು" ಎಂದಿದ್ದಳು.

ವಾಸನೆ ಇದ್ದದ್ದು ನಿಜ. ಅಧ್ಯಕ್ಷೆಯ ಬುಟ್ಟಿ ಕಚೇರಿಯ ಎದುರಿನ ಬಾದಾಮಿ ಮರದ ಬುಡದಲ್ಲಿ ಇರುತ್ತಿತ್ತು, ಕಾಗೆ ಓಡಿಸುವ ಕೆಲಸ ನಮ್ಮ ಬಿಲ್ ಕಲೆಕ್ಟರನದು. ಮೀನು ಪೂರಾ ಮುಗಿಯುವ ತನಕ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಫೈಲು ತುರ್ತಿನದು ಎಂದರೆ, "ಮೀನು ಕಾಯುದಿಲ್ಲ, ನಿಮ್ಮ ಫೈಲಿಗೆ ಎಂತ ಆಗ್ತದೆ? ಕೊಳೀತದಾ?" ಎಂದು ಕೇಳಿ ಹೊರಟುಬಿಡುತ್ತಿದ್ದರು. ಆದರೆ ತಿರುಗಿ ಬಂದವರು ಕೈತೊಳೆದು ಕೂತರೆ ಒಂದೊಂದು ಕಾಗದವನ್ನೂ ಓದಿಸಿ ಕೇಳಿಯೇ ಸಹಿ ಹಾಕುವುದು. ಸಹಿಯ ನಾಲ್ಕು ಅಕ್ಷರಕ್ಕೆ ನಾಲ್ಕು ನಿಮಿಷ ಬೇಕಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಎಂಬುದು ಕಾಗದದ ಮೇಲೆ. ಯಾವ ಸದಸ್ಯ ಯಾರ ಕಡೆ, ಯಾವ ಜಾತಿಯ ಓಟು ಎಲ್ಲಿಗೆ ಎನ್ನುವುದು ಊರಿನ ನಾಯಿಗೂ ಗೊತ್ತು. ಮಾದೇವಕ್ಕನಿಗೆ ಇದರಲ್ಲಿ ಒಂದೇ ತಕರಾರು. "ಮೀನು ಕೊಳ್ಳುವಾಗ ಎಲ್ಲರೂ ಕಿವಿರು ಎತ್ತಿ ಕಾಣ್ತಾರೆ, ತಾಜಾ ಹೌದೋ ಅಲ್ದೋ ಅಂತ. ಓಟು ಹಾಕುವಾಗ ಮಾತ್ರ ಕಿವಿರು ಬಿಟ್ಟು ಬುಟ್ಟಿ ಹೊತ್ತವ್ಳ ಜಾತಿ ಕಾಣ್ತಾರೆ. ಎಂತ ಜನವೋ!"

ಅವರನ್ನು ನಾನು ಸರಿಯಾಗಿ ಕಂಡದ್ದು ಕಚೇರಿಯಲ್ಲಿ ಅಲ್ಲ, ದಂಡೆಯಲ್ಲಿ. ಸಮುದ್ರ ಕೊರೆತದ ಫೋಟೋ ತೆಗೆಯಲು ಒಂದು ಬೆಳಿಗ್ಗೆ ಹೋಗಿದ್ದೆ. ನಾಲ್ಕೈದು ಹೆಂಗಸರು ಕೂಡಿ ಒಂದು ದೋಣಿಯ ಮೀನು ಕೊಂಡು ಮರಳಿನ ಮೇಲೆ ಪಾಲು ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಮಾದೇವಕ್ಕ, "ಬಂದ್ರು ನೋಡು, ಮೀನು ತಿನ್ನದವ್ರು! ತಂಗೀ, ಇಲ್ಲಿ ಬಾ, ಬೆನ್ನು ತಿರ್ಗಿಸಿ ನಿಲ್ಲು" ಎಂದರು.

ಅವರ ಕ್ರಮ ಹೀಗೆ. ಪಾಲು ಎಷ್ಟೇ ಸಮ ಹಾಕಿದರೂ ಒಂದರಲ್ಲಿ ದೊಡ್ಡ ಮೀನು ಬಿದ್ದೇ ಬೀಳುತ್ತದೆ. ಅದಕ್ಕಾಗಿ ಪಾಲು ಇಲ್ಲದ ಒಬ್ಬರನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಒಂದು ರಾಶಿ ಮುಟ್ಟಿ "ಇದು ಯಾರಿಗೆ?" ಎಂದು ಕೇಳಬೇಕು. ಬೆನ್ನು ತಿರುಗಿಸಿದವರು ನೋಡದೆ ಒಂದು ಹೆಸರು ಹೇಳಬೇಕು. ಹೇಳಿದ ಮೇಲೆ ಮುಗಿಯಿತು, ಅಪ್ಪ ಬಂದರೂ ಬದಲಿಲ್ಲ. ನಾನು ಎರಡು ಹೆಸರು ಸರಿಯಾಗಿಯೇ ಹೇಳಿದೆ. ಮೂರನೆಯದಕ್ಕೆ, ಯಾವ ರಾಶಿ ಇರಬಹುದೆಂಬ ಕುತೂಹಲಕ್ಕೆ, ತಿರುಗಿ ನೋಡಿಬಿಟ್ಟೆ! ಹೆಂಗಸರೆಲ್ಲ ಹೋ ಎಂದು ಕೂಗಿದರು. ಅಷ್ಟೂ ಮೀನನ್ನು ಮತ್ತೆ ಒಟ್ಟು ಮಾಡಿ, ಮತ್ತೆ ಪಾಲು ಹಾಕಿದರು. "ಪರೀಕ್ಷೆ ಪಾಸು ಮಾಡಿದ್ಯಂತೆ, ಸುಮ್ನೆ ನಿಲ್ಲುಕೆ ಬರುದಿಲ್ವಾ?" ಎಂದರು ಮಾದೇವಕ್ಕ. ಅದು ಬೈಗುಳವೆಂದು ಆಗ ಗೊತ್ತಾಯಿತು.

ಅದೇ ದಿನ ಇನ್ನೊಂದು ತಮಾಷೆ. ಎರಡನೇ ಸಲ ರಾಶಿ ಮುಟ್ಟಿ ಕೇಳುತ್ತಿದ್ದ ಹೆಂಗಸು ಒಂದು ಕಡೆ ಸಣ್ಣಗೆ ಕೆಮ್ಮಿದಳು. ಮಾದೇವಕ್ಕ ಅವಳ ಕೈ ಹಿಡಿದರು. ದೊಡ್ಡ ರಾಶಿ ಮುಟ್ಟಿದಾಗ ಕೆಮ್ಮಿದರೆ ಬೆನ್ನು ತಿರುಗಿಸಿದವರಿಗೆ ಸುಳಿವು ಸಿಕ್ಕಂತೆ, ಅವರು ಬೇಕಾದವರ ಹೆಸರು ಹೇಳಬಹುದು. "ಕೆಮ್ಮು ಬಂದ್ರೆ ಮನೇಲಿ ಕಷಾಯ ಕುಡಿ. ಪಾಲಿಗೆ ನಿಂತಾಗ ಕೆಮ್ಮಿದವ್ಳು ಕಳ್ಳಿ" ಎಂದು ಮತ್ತೆ ಮೀನು ಕಲಸಿದರು. ಆ ಬೆಳಿಗ್ಗೆ ಮೂರು ಸಲ ಪಾಲಾಯಿತು. ಫೋಟೋ ತೆಗೆಯುವುದು ಮರೆತೇಹೋಯಿತು.

ಮರುವರ್ಷ ನಮ್ಮ ಪಂಚಾಯ್ತಿಗೆ ಕುಡಿಯುವ ನೀರಿನ ಟ್ಯಾಂಕು ಬಂತು. ಊರಿನ ನಾಲ್ಕೂ ಕೇರಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಮಾದೇವಕ್ಕನ ಖಾರ್ವಿ ಕೇರಿಯದಂತೂ ಬಾಯಿಗೆ ಇಡಲಾಗದು. ಟ್ಯಾಂಕು ಬಂದದ್ದಕ್ಕೆ ಖುಷಿಪಡುವ ಮೊದಲೇ ಇಂಜಿನಿಯರು ಬಾಂಬು ಹಾಕಿದರು: ಪೈಪು ಒಂದೊಂದೇ ಕೇರಿಗೆ ಹಾಕುತ್ತ ಹೋಗಬೇಕು, ಮೂರು ಕೇರಿ ಮಳೆಗಾಲದೊಳಗೆ ಆದೀತು, ನಾಲ್ಕನೆಯದು ಮಳೆ ಮುಗಿದ ಮೇಲೆಯೇ. ಅಂದರೆ ಯಾವುದೋ ಒಂದು ಕೇರಿ ಈ ಬೇಸಿಗೆಯೂ ಪೂರ್ತಿ ಉಪ್ಪುನೀರು ಕುಡಿಯಬೇಕು.

ಅದು ವಿಧಾನಸಭೆ ಚುನಾವಣೆ ಹತ್ತಿರವಾಗಿದ್ದ ಕಾಲ. ಎರಡೇ ದಿನದಲ್ಲಿ ಮೊಬೈಲುಗಳಲ್ಲಿ ಸುದ್ದಿ ಹಬ್ಬಿತು. ಒಂದು ಕಡೆ, ನೀರು ಮೊದಲು ಮಸೀದಿಯ ಕೈಕಾಲು ತೊಳೆಯುವ ತೊಟ್ಟಿಗಂತೆ ಎಂದು. ಇನ್ನೊಂದು ಕಡೆ, ನಮ್ಮ ಕೇರಿಯನ್ನು ಲಿಸ್ಟಿನಿಂದಲೇ ತೆಗೆದಿದ್ದಾರಂತೆ ಎಂದು. ಯಾವ ಲಿಸ್ಟು? ಲಿಸ್ಟು ಮಾಡಬೇಕಾದವಳು ನಾನು, ನಾನೇ ಮಾಡಿರಲಿಲ್ಲ! ತಾಲೂಕಿನಿಂದ ಬಿಳಿ ಬಟ್ಟೆಯವರು ಬಂದರು. ಒಬ್ಬರು ಧರ್ಮ ಎಂದರು, ಇನ್ನೊಬ್ಬರು ನಮ್ಮ ಸಮಾಜ ಎಂದರು, ಇಬ್ಬರೂ ಕೊನೆಗೆ ಅಭಿವೃದ್ಧಿ ಎಂದರು. ಹನ್ನೊಂದು ಮನೆಯ ದಲಿತರ ಮುಕ್ರಿ ಕೇರಿಗೆ ಮಾತ್ರ ಯಾರೂ ಹೋಗಲಿಲ್ಲ. ಅಲ್ಲಿ ಇದ್ದದ್ದೇ ಬೆರಳೆಣಿಕೆಯ ಓಟು.

ಮಾದೇವಕ್ಕನ ಪಾಡು ನನಗಿಂತ ಕಷ್ಟ. ಅವರ ಸೊಸೆ ಬಾಣಂತಿ. ಊರಾಚೆಯಿಂದ ಹೊತ್ತು ತಂದ ಸಿಹಿನೀರಲ್ಲೇ ಮಗುವಿನ ಸ್ನಾನ. ಕೇರಿಯ ಹೆಂಗಸರು ಬಾಗಿಲಿಗೆ ಬಂದು, "ನಮ್ಮವ್ಳು ಅಧ್ಯಕ್ಷೆಯಾಗಿ ನಮ್ಗೇ ಮೊದ್ಲು ಬರದಿದ್ರೆ ಮತ್ತೆಂತಕ್ಕೆ?" ಎಂದು ಕೇಳಿ ಹೋಗಿದ್ದರು. ಅದನ್ನು ನನಗೆ ಹೇಳಿದಾಗಲೂ ಅವರ ದನಿ ಎಂದಿನಂತೆಯೇ ಇತ್ತು. ಆದರೆ ಅವತ್ತು ಒಂದು ಕಾಗದವನ್ನೂ ಓದಿಸದೆ ಸಹಿ ಹಾಕಿದರು.

ಗ್ರಾಮಸಭೆಯ ದಿನ ಶಾಲೆಯ ಅಂಗಳ ತುಂಬಿತ್ತು. ಗೇಟಿನ ಹತ್ತಿರ ಪೊಲೀಸ್ ಜೀಪು. ಕೇರಿಗೊಂದು ಗುಂಪು, ಗುಂಪಿನ ಮಧ್ಯೆ ನಾಲ್ಕು ಮಾರು ಖಾಲಿ ಜಾಗ. ಸ್ವಾಗತ ಭಾಷಣ ಮುಗಿಯುವುದರೊಳಗೆ ಕೂಗಾಟ ಶುರುವಾಯಿತು. ಮಾದೇವಕ್ಕ ಎದ್ದವರು ಮೇಜಿನ ಮೇಲಿದ್ದ ಹೂದಾನಿ ಕೆಳಗಿಟ್ಟು ಬಾಳೆ ಎಲೆ ಹಾಸಿದರು. ಬುಟ್ಟಿಯಿಂದ ಬಂಗಡೆ ತೆಗೆದು ನಾಲ್ಕು ಪಾಲು ಹಾಕಿದರು. ಒಂದರಲ್ಲಿ ಒಂದು ಮೀನು, ಮುಂದಿನದರಲ್ಲಿ ಎರಡು, ಆಮೇಲೆ ಮೂರು, ಕೊನೆಗೆ ನಾಲ್ಕು. ಬಿಳಿ ಬಟ್ಟೆಯವರು ಕುರ್ಚಿ ಸಮೇತ ಹಿಂದೆ ಸರಿದರು.

"ಒಂದು ಮೀನು ಅಂದ್ರೆ ಮೊದಲ ಸರದಿ. ನಾಲ್ಕು ಅಂದ್ರೆ ಮಳೆ ಮುಗಿದ ಮೇಲೆ. ಕೇರಿಗೊಬ್ರು ಬಂದು ಹತ್ರ ನಿಂತು ಕಾಣಿ. ಮುಟ್ಟಿ ಕೇಳುದು ನಾನು, ಬೆನ್ನು ತಿರ್ಗಿಸುದು ಮೇಡಮ್ಮ. ಅವ್ರು ಈ ಊರಿನವ್ರಲ್ಲ, ಮೀನು ತಿನ್ನುದಿಲ್ಲ, ಅವ್ರಿಗೆ ಪಾಲಿಲ್ಲ."

ಕರಾವಳಿಯ ಜನ ಸರ್ಕಾರದ ಮಾತು ನಂಬದಿರಬಹುದು, ಪಾಲನ್ನು ನಂಬುತ್ತಾರೆ. ಗದ್ದಲ ಇಳಿಯಿತು. ಮಸೀದಿ ಕೇರಿಯಿಂದ ಇಸ್ಮಾಯಿಲ್ ಸಾಹೇಬರು, ನಾಮಧಾರಿ ಕೇರಿಯಿಂದ ಮಾಸ್ತಿ ನಾಯ್ಕರು, ಖಾರ್ವಿ ಕೇರಿಯಿಂದ ಒಬ್ಬ ಮುದುಕರು ಬಂದು ಮೇಜಿನ ಸುತ್ತ ನಿಂತರು. ಮುಕ್ರಿ ಕೇರಿಯ ಗೌರಿ ಕರೆದರೂ ಬರಲಿಲ್ಲ, ಮಾದೇವಕ್ಕ ಹೋಗಿ ಕೈಹಿಡಿದು ಕರೆತಂದರು.

ನಾನು ಜನಕ್ಕೂ ಮೇಜಿಗೂ ಬೆನ್ನು ಹಾಕಿ ಗೋಡೆ ನೋಡುತ್ತ ನಿಂತೆ. ಹೆಸರುಗಳನ್ನು ಮನಸ್ಸಿನಲ್ಲೇ ಸಾಲಾಗಿ ಇಟ್ಟುಕೊಂಡಿದ್ದೆ: ಮಸೀದಿ, ನಾಮಧಾರಿ, ಖಾರ್ವಿ, ಮುಕ್ರಿ.

"ಇದು ಯಾರಿಗೆ?"

"ಮಸೀದಿ ಕೇರಿ."

ಹಿಂದೆ ಗುಜುಗುಜು. ತಿರುಗಿ ನೋಡುವ ಆಸೆಯನ್ನು ಹಲ್ಲು ಕಚ್ಚಿ ತಡೆದೆ.

"ಇದು ಯಾರಿಗೆ?"

"ನಾಮಧಾರಿ ಕೇರಿ."

ಆಮೇಲೆ, ಗುಜುಗುಜಿನ ನಡುವೆ, ಸಣ್ಣದೊಂದು ಕೆಮ್ಮು.

"ಇದು ಯಾರಿಗೆ?"

ಎರಡು ವರ್ಷದಲ್ಲಿ ಮಾದೇವಕ್ಕ ಕೆಮ್ಮಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಂಟಿ ಮೀನು ಅವರ ಕೈಯ ಕೆಳಗಿದೆ ಎಂದು ಗೊತ್ತಾಗಿಹೋಯಿತು. ನಾನು ಹೇಳಬೇಕೆಂದಿದ್ದ ಹೆಸರು ಖಾರ್ವಿ ಕೇರಿಯೇ. ಕೆಮ್ಮದೆ ಇದ್ದಿದ್ದರೂ ಅವರಿಗೇ ಬರುತ್ತಿತ್ತು! ಸುಮ್ಮನೆ ಹೇಳಿಬಿಡಬಹುದಿತ್ತು. ಆದರೆ ಈಗ ಹೇಳಿದರೆ ಅದು ಪಾಲಲ್ಲ, ಕಳ್ಳತನ. ಮತ್ತೆ ಪಾಲು ಹಾಕೋಣ ಎನ್ನಲು ಬಾಯಿ ಬರಲಿಲ್ಲ. ಹಾಗೆ ಹೇಳಿದ್ದರೆ ಕೆಮ್ಮಿದ್ದು ನಾಲ್ಕು ಕೇರಿಗೂ ಗೊತ್ತಾಗಿ ಅವರ ಮಾನ ಅಲ್ಲೇ ಹೋಗುತ್ತಿತ್ತು.

"ಮುಕ್ರಿ ಕೇರಿ" ಎಂದೆ.

ಉಳಿದ ಪಾಲು ತಾನೇ ಖಾರ್ವಿ ಕೇರಿಯದಾಯಿತು. ತಿರುಗಿದಾಗ ಕಂಡೆ. ಮಸೀದಿ ಕೇರಿಗೆ ಎರಡು ಮೀನು, ನಾಮಧಾರಿಗೆ ಮೂರು, ಅಧ್ಯಕ್ಷೆಯ ಕೇರಿಗೆ ನಾಲ್ಕು. ನಾನು ಮಾದೇವಕ್ಕನ ಮುಖ ನೋಡಲಿಲ್ಲ, ಧೈರ್ಯವಾಗಲಿಲ್ಲ. ಎಲ್ಲಿ ಹೊಡೆದಾಟವಾಗುತ್ತದೋ ಎಂದು ಕಾದರೆ ಇಸ್ಮಾಯಿಲ್ ಸಾಹೇಬರು, "ಅಧ್ಯಕ್ಷರ ಕೇರಿಗೇ ಕೊನೆ ಬಂತಲ್ಲ, ಇನ್ನು ನಾವೆಂತ ಹೇಳುದು!" ಎಂದು ನಕ್ಕರು. ಮಾಸ್ತಿ ನಾಯ್ಕರು "ಆತು, ಬರ್ಕೊಳ್ಳಿ" ಎಂದರು. ಹನ್ನೊಂದು ಮನೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಬಿಳಿ ಬಟ್ಟೆಯವರು ಭಾಷಣವನ್ನು ಜೇಬಿನಲ್ಲೇ ಇಟ್ಟುಕೊಂಡು ಕಾರು ಹತ್ತಿದರು. ಜೀಪು ಹೋದ ಮೇಲೆ ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ಎರಡು ಲೋಟ ನೀರು ಕುಡಿದೆ. ಅಷ್ಟು ಹಗುರ ಅದುವರೆಗೆ ಎಂದೂ ಆಗಿರಲಿಲ್ಲ.

ಖಾರ್ವಿ ಕೇರಿ ಒಂದು ವಾರ ಮಾದೇವಕ್ಕನ ಜೊತೆ ಮಾತು ಬಿಟ್ಟಿತು. ಮುಕ್ರಿ ಕೇರಿಯಲ್ಲಿ ನಲ್ಲಿ ಬಂದ ದಿನ ಬೆಳಿಗ್ಗೆ, ಮಾದೇವಕ್ಕ ತಲೆಯ ಮೇಲೆ ಬುಟ್ಟಿಯ ಬದಲು ಕೊಡ ಹೊತ್ತು ಅತ್ತ ನಡೆದರು. ಖಾರ್ವಿ ಕೇರಿಯವರು ಮುಕ್ರಿ ಕೇರಿಯ ನೀರು ಮುಟ್ಟಿದ್ದು ಊರಿನ ನೆನಪಿನಲ್ಲೇ ಇಲ್ಲ. ಗೌರಿ ದಿಕ್ಕು ತೋಚದೆ, "ಅಕ್ಕ, ನಮ್ಮ ನಲ್ಲಿದಾ?" ಎಂದಳಂತೆ. "ನಲ್ಲಿ ನಿಂದು, ಮೊಮ್ಮಗು ನಂದು. ಕೊಡ ಹಿಡಿ" ಎಂದರಂತೆ ಇವರು. ಮೂರನೇ ದಿನಕ್ಕೆ ಕೊಡಗಳ ಸಾಲು ರಸ್ತೆಯ ತನಕ ಬಂದಿತ್ತು. ಆ ಬೇಸಿಗೆ ಪೂರ್ತಿ ಖಾರ್ವಿ ಕೇರಿ ಕುಡಿದದ್ದು ಗೌರಿಯ ಮನೆ ಎದುರಿನ ನೀರು. ಮಳೆ ಮುಗಿದು ತಮ್ಮ ಕೇರಿಗೆ ಪೈಪು ಬಂದ ಮೇಲೂ ಕೆಲವು ಹೆಂಗಸರು ಅಲ್ಲಿಗೇ ಹೋಗುತ್ತಿದ್ದರು, ಹರಟೆಯ ರುಚಿ ಹತ್ತಿತ್ತು.

ನನಗೆ ಕುಮಟೆಗೆ ವರ್ಗವಾಯಿತು. ಮಾದೇವಕ್ಕನ ಅವಧಿ ಮುಗಿದು ಅವರು ಪೂರಾ ಬುಟ್ಟಿಗೆ ಮರಳಿದರು. ಹೋದ ವರ್ಷ ಕಣ್ಣು ತೋರಿಸಲು ಕುಮಟೆಗೆ ಬಂದವರು ನನ್ನ ಕಚೇರಿ ಹುಡುಕಿಕೊಂಡು ಬಂದರು. ಬಡಕಲಾಗಿದ್ದರು, ದನಿ ಮಾತ್ರ ಅದೇ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಕಲ್ಲು ಬೆಂಚಿನ ಮೇಲೆ ಕೂತಾಗ, "ತಂಗೀ, ನೀ ಒಂಚೂರು ಆ ಬದಿ ತಿರ್ಗಿ ಕೂತ್ಕೋ. ಮುಖ ಕಂಡ್ರೆ ನಂಗೆ ಹೇಳುಕೆ ಆಗುದಿಲ್ಲ" ಎಂದರು. ನಾನು ಭಟ್ಕಳದ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ಕೂತೆ.

"ಅವತ್ತು ಪಾಲಿಗೆ ನಾನು ಕೆಮ್ಮಿದ್ದು ನಿಂಗೆ ಕೇಳಿತ್ತಾ?"

ಬೆನ್ನ ಹಿಂದೆ ಅವರ ಉಸಿರು ನಿಂತದ್ದು ನನಗೆ ತಿಳಿಯಿತು.

"ಇಲ್ಲ ಮಾದೇವಕ್ಕ. ಎಂತ ಕೆಮ್ಮು?"

ಅವರು ದೀರ್ಘವಾಗಿ ಉಸಿರು ಬಿಟ್ಟರು. "ಹಾಂಗಾದ್ರೆ ಬದುಕಿದೆ! ಆ ಮಗು ಮುಖ ಕಣ್ಣೆದ್ರಿಗೆ ಬಂತು, ಕೆಮ್ಮಿಬಿಟ್ಟೆ. ಕೆಮ್ಮಿದ ಮೇಲೆ, ದೇವ್ರೇ, ಈ ಹುಡ್ಗಿಗೆ ಕೇಳದೇ ಇರ್ಲಿ ಅಂತ ಬೇಡ್ಕೊಂಡೆ. ನೀ ಮುಕ್ರಿ ಕೇರಿ ಅಂದಾಗ ನಂಗೆ ಅಳುವೇ ಬಂದಿತ್ತು, ಖುಷಿಗೆ. ಇಷ್ಟು ವರ್ಷ ಇದೊಂದು ಎದೇಲಿ ಕೂತಿತ್ತು ಮಾರಾಯ್ತಿ."

ಮೊದಲ ಸಲ ಅವರ ದನಿ ಏರಿಳಿಯಿತು. ನನ್ನ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಂಡರೆ ಗೊತ್ತಾದೀತೆಂದು ಹಾಗೇ ಬಿಟ್ಟೆ. ಬಸ್ಸು ಬಂತು. ಅವರು ನನ್ನ ಬೆನ್ನು ತಟ್ಟಿ, "ಬತ್ತೆ, ಹುಷಾರು" ಎಂದು ಹತ್ತಿ ಕೂತರು. ಆ ಮಳೆಗಾಲದಲ್ಲಿ ಮಾದೇವಕ್ಕ ತೀರಿಕೊಂಡರು. ಸುದ್ದಿ ತಿಳಿಸಲು ಫೋನು ಮಾಡಿದವಳು ಗೌರಿ.

ನಿಜ ಹೇಳಬೇಕಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ, ಬೇಗ ಹೋಗಿಬಿಡುತ್ತದೆ. ಬೆನ್ನು ತಿರುಗಿಸಿ ಕೂರಲು ಹೇಳಿದವರು ಅವರೇ. ಅವತ್ತು ನಾನು ಒಂದು ಸಲವೂ ತಿರುಗಿ ನೋಡಲಿಲ್ಲ.